ಎರಡು ದಿನ ಕಾಯುವ ನಷ್ಟ ಯಾರ ಖಾತೆಗೆ?

ಹುಳದ ಔಷಧಿ ಹೊಡೆದ ಮೇಲೆ ಹೇಳಿದಷ್ಟು ದಿನ ಕಾಯದೆ ಕೊಯ್ಯುತ್ತಾರೆ, ರೈತರಿಗೆ ಪ್ರಾಮಾಣಿಕತೆ ಬಗ್ಗೆ ತರಬೇತಿ ಕೊಡೋಣ ಅಂತ ಮೀಟಿಂಗ್‌ನಲ್ಲಿ ಯಾರಾದರೂ ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕಾರಣ 2023ರ ಜುಲೈ.

ಕೋಲಾರದ ಕಡೆ ಟೊಮೆಟೊ ಕೆಲಸ ಮಾಡಿದವರು ಆ ತಿಂಗಳನ್ನು ಮರೆಯುವುದಿಲ್ಲ. 15 ಕೆಜಿ ಬಾಕ್ಸ್ ಹರಾಜಿನಲ್ಲಿ 2,000 ರೂಪಾಯಿ ದಾಟಿತ್ತು. ರೇಟು ಬಿದ್ದಾಗ ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿಯುವುದೂ ಇದೇ ಊರುಗಳಲ್ಲೇ.

ಆಗ ಒಂದು ಎಫ್‌ಪಿಒದ, ಅಂದರೆ ರೈತರೇ ಸೇರಿ ಕಟ್ಟಿಕೊಂಡ ಉತ್ಪಾದಕರ ಸಂಸ್ಥೆಯ, ಕಲೆಕ್ಷನ್ ಸೆಂಟರ್ ನೋಡಿಕೊಳ್ಳುತ್ತಿದ್ದೆ. ನಮ್ಮ ಮಾಲು ಸೂಪರ್‌ಮಾರ್ಕೆಟ್ ಕಂಪನಿಯೊಂದಕ್ಕೆ ಹೋಗುತ್ತಿತ್ತು. ಪ್ರತಿ ಲಾಟ್‌ಗೂ ಯಾವ ಔಷಧಿ ಯಾವತ್ತು ಹೊಡೆದರು ಅಂತ ಬರೆದಿಟ್ಟ ಸ್ಪ್ರೇ ಡೈರಿ ಇರಬೇಕು, ಔಷಧಿಯ ಅಂಶ ಹಣ್ಣಿನಲ್ಲಿ ಇಳಿಯಲಿ ಅಂತ ಹೇಳಿದಷ್ಟು ದಿನ ಬಿಟ್ಟೇ ಕೊಯ್ದಿರಬೇಕು ಅನ್ನುವುದು ಅವರ ಷರತ್ತು.

ಆ ಸಂಜೆ ಗಾಡಿ ಲೋಡ್ ಆಗುತ್ತಿತ್ತು. ನಮ್ಮ ಹಳೇ ಸದಸ್ಯರೊಬ್ಬರು 40 ಬಾಕ್ಸ್ ಇಳಿಸಿದರು. ಒಳ್ಳೇ ಸೈಜು, ಹುಳದ ತೂತಿಲ್ಲ. ಡೈರಿ ನೋಡಿದರೆ ಔಷಧಿ ಹೊಡೆದು ಮೂರೇ ದಿನ. ಅದಕ್ಕೆ ಐದು ದಿನ ಬಿಡಬೇಕು.

"ಅಣ್ಣ, ಇನ್ನೂ ಎರಡು ದಿನ ಬಿಟ್ಟು ಕೀಳಬೇಕಿತ್ತಲ್ವಾ?"

"ಹಸಿರು ಗುರುತಿನ ಔಷಧಿ ಮೇಡಂ. ಏನೂ ಆಗಲ್ಲ ಅಂದ್ರು ಅಂಗಡಿಯೋರು."

ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ಆ ಔಷಧಿ ಎಷ್ಟು ವಿಷ ಅಂತ ಮಾತ್ರ ಹೇಳುತ್ತದೆ. ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅನ್ನುವುದು ಜೊತೆಗೆ ಮಡಚಿಟ್ಟ ಚೀಟಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದೂ ಬೆಳೆಯಿಂದ ಬೆಳೆಗೆ ಬೇರೆ. ಚೀಟಿ ಅಂಗಡಿಯಲ್ಲೋ ಹೊಲದ ಬದುವಿನಲ್ಲೋ ಬಿದ್ದುಹೋಗುತ್ತದೆ.

ನಮ್ಮ ಎಫ್‌ಪಿಒದ ಸಿಇಒಗೆ ಫೋನ್ ಮಾಡಿದೆ. "ಕಂಪನಿ ಕೇಳಿದಷ್ಟು ಮಾಲು ಹೋಗದಿದ್ರೆ ನಮ್ಮ ಬಿಲ್‌ನಲ್ಲಿ ದುಡ್ಡು ಕಡಿತಾರೆ. ಡೈರಿಲಿ ತಾರೀಕು ಸರಿ ಮಾಡಿ ಕಳಿಸಿ" ಅಂದರು. ಡ್ರೈವರ್ ಹಾರನ್ ಹೊಡೆಯುತ್ತಿದ್ದ. ಗ್ರೇಡಿಂಗ್ ಹುಡುಗರು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ತಾರೀಕು ತಿದ್ದಲು ಅರ್ಧ ನಿಮಿಷವೂ ಬೇಡ. ಆದರೆ ಒಂದು ಸಲ ತಿದ್ದಿದರೆ ಆ ಡೈರಿಗೆ ಮತ್ತೆ ಅರ್ಥವೇ ಇರುವುದಿಲ್ಲ. ಆಗಲ್ಲ ಅಂದೆ.

ರೈತರು ಜಗಳ ಆಡಲಿಲ್ಲ. "ಇದು ದೋರೆಗಾಯಿ. ಎರಡು ದಿನ ಬಿಟ್ರೆ ಪೂರ್ತಿ ಕೆಂಪಾಗುತ್ತೆ, ದೂರಕ್ಕೆ ಲೋಡ್ ಮಾಡೋರು ಮುಟ್ಟಲ್ಲ. ಅಷ್ಟರಲ್ಲಿ ರೇಟು ಇಳಿದ್ರೆ ನೀವು ಕೊಡ್ತೀರಾ ಮೇಡಂ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬಾಕ್ಸ್‌ಗಳನ್ನು ಮತ್ತೆ ಟೆಂಪೋಗೆ ಹಾಕಿಕೊಂಡು ಮಂಡಿಗೆ ಹೋದರು. ಹರಾಜಿನಲ್ಲಿ ಬಣ್ಣ ನೋಡುತ್ತಾರೆ, ಸೈಜು ನೋಡುತ್ತಾರೆ, ಡೈರಿ ಯಾರೂ ಕೇಳುವುದಿಲ್ಲ. ಮಾರನೇ ದಿನ ಮಾಲು ಪೂರ್ತಿ ಮಾರಾಟ ಆಯಿತು. ನಮ್ಮ ಸೆಂಟರ್‌ನ ದಾಖಲೆ ಚೊಕ್ಕಟವಾಗೇ ಉಳಿಯಿತು, ಟೊಮೆಟೊ ಮಾತ್ರ ಯಾರದೋ ಮನೆ ಅಡುಗೆಗೆ ಹೋಯಿತು. ಅದೇ ಇವತ್ತಿಗೂ ಚುಚ್ಚುವುದು.

ಕೃಷಿ ಅರ್ಥಶಾಸ್ತ್ರ ಓದುವಾಗ ಇದಕ್ಕೆ ಬಾಹ್ಯ ವೆಚ್ಚ ಅಂತ ಹೆಸರು ಕಲಿತಿದ್ದೆ. ಬೆಳೆಯುವವನ ಲೆಕ್ಕಕ್ಕೆ ಬಾರದ ಖರ್ಚು ತಿನ್ನುವವನ ಮೇಲೆ ಬೀಳುತ್ತದೆ. ಪರೀಕ್ಷೆಯಲ್ಲಿ ಗ್ರಾಫ್ ಬರೆದರೆ ಮುಗಿಯಿತು. ಇಲ್ಲಿ ಲೆಕ್ಕ ಬೇರೆ. ಬಾಕ್ಸ್‌ಗೆ 300 ರೂಪಾಯಿ ಇಳಿದರೂ 40 ಬಾಕ್ಸ್‌ಗೆ 12,000. ವರ್ಷವೆಲ್ಲಾ ಸಾಲ ತೀರಿಸಲು ಒಂದು ಒಳ್ಳೇ ರೇಟಿಗಾಗಿ ಕಾದವರಿಗೆ ಅದು ಸಣ್ಣ ದುಡ್ಡಲ್ಲ. ಡೈರಿ ಕೇಳುವ ಕಂಪನಿ ಕೊಡುತ್ತಿದ್ದುದೂ ಡೈರಿ ಕೇಳದ ಮಂಡಿಯ ರೇಟನ್ನೇ. ಕಾಯಬೇಕಾದವರು ಒಬ್ಬರು, ಅದರ ಹೆಸರಲ್ಲಿ ಬೋರ್ಡ್ ಹಾಕಿಕೊಂಡು ಮಾರುವವರು ಇನ್ನೊಬ್ಬರು. ಹೀಗಿರುವಾಗ ರೈತರಿಗೆ ಮಾತ್ರ ನೀತಿ ಪಾಠ ಮಾಡುವುದು ಅನ್ಯಾಯ.

ಒಂದು ಕೆಲಸವನ್ನು ತಕ್ಷಣ ಮಾಡಿದೆವು. ರೈತರಿಗೆ ಔಷಧಿ ಮಾರುವ ನಮ್ಮದೇ ಅಂಗಡಿಯಲ್ಲಿ ಡಬ್ಬಿ ಕೊಡುವಾಗಲೇ ಆ ಔಷಧಿಗೆ ಎಷ್ಟು ದಿನವೋ ಅಷ್ಟನ್ನು, "ಟೊಮೆಟೊ – 5 ದಿನ" ಅನ್ನುವ ಹಾಗೆ, ಮಾರ್ಕರ್‌ನಲ್ಲಿ ದಪ್ಪಕ್ಕೆ ಬರೆದು ಕೊಡುತ್ತೇವೆ. ಕೊಯ್ಲು ಹತ್ತಿರ ಇದ್ದರೆ ಕಡಿಮೆ ದಿನ ಕಾಯಬೇಕಾದ ಔಷಧಿಯನ್ನೇ ಕೊಡುತ್ತೇವೆ. ಇದರಿಂದ ಅಂಥ ಲಾಟ್‌ಗಳು ಬರುವುದು ನಿಜಕ್ಕೂ ಕಡಿಮೆ ಆಗಿದೆ.

ದುಡ್ಡಿನ ವಿಷಯ ಮಾತ್ರ ಹಾಗೇ ಇದೆ. ಕಾದು ಕೊಯ್ದವರಿಗೆ ರೇಟು ಇಳಿದರೆ ಅರ್ಧ ನಷ್ಟ ಎಫ್‌ಪಿಒ ಕೊಡಲಿ ಅಂತ ಅದರ ಆಡಳಿತ ಮಂಡಳಿ ಮುಂದೆ ಇಟ್ಟೆ, ಫಂಡ್ ಇಲ್ಲ ಅಂದರು. ಈಗ ಕಂಪನಿಯ ಪರ್ಚೇಸ್ ಮ್ಯಾನೇಜರ್ ಬಂದಾಗಲೆಲ್ಲಾ ಕೇಳುತ್ತಿದ್ದೇನೆ: ಡೈರಿ ಇರುವ ಮಾಲಿಗೆ ಮಂಡಿ ರೇಟಿನ ಮೇಲೆ ಕೆಜಿಗೆ ಒಂದು ರೂಪಾಯಿ ಜಾಸ್ತಿ ಕೊಡಿ, ಅದು ನೇರವಾಗಿ ರೈತರ ಖಾತೆಗೆ ಹೋಗಲಿ. ಇನ್ನೂ ಒಪ್ಪಿಲ್ಲ. ಮುಂದಿನ ಸೀಸನ್‌ನ ಅಗ್ರಿಮೆಂಟ್‌ಗೆ ಸಹಿ ಹಾಕುವ ಮುಂಚೆ ಮತ್ತೆ ಕೇಳುತ್ತೇನೆ.