ಹಾಗಾದ್ರೆ ಅವರನ್ನೆಲ್ಲ ಬೀದಿಗೆ ಬಿಡೋಣವಾ?

ಮಾನಸಿಕ ಆಸ್ಪತ್ರೆಗಳಲ್ಲಿ ಜನರನ್ನ ಕೂಡಿಹಾಕಬಾರದು ಅಂತ ನಾನು ಬಾಯಿ ಬಿಟ್ಟರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಬೇಡ ಸ್ವಾಮಿ, ಬಿಡಬೇಡಿ. ನನಗೆ ಡಾಕ್ಟರ ಮೇಲೂ ಸಿಟ್ಟಿಲ್ಲ, ಮಾತ್ರೆ ಮೇಲೂ ಇಲ್ಲ. ನನ್ನ ತಕರಾರು ಬೀಗದ ಜೊತೆ.

ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ನಿಮ್ಮನೇಲಿ ಇಟ್ಕೋತೀರಾ ಸಾರ್?" ಅಂದರು. ಮನುಷ್ಯರ ಬಗ್ಗೆ ಕೇಳ್ತಿದ್ದಾರೋ ಹಳೇ ಫ್ರಿಜ್ ಬಗ್ಗೆಯೋ ತಿಳಿಯಲಿಲ್ಲ. ನನ್ನ ಬಾಯಲ್ಲಿ ಹೋಳಿಗೆ ಇತ್ತು, ಅವರು ಬಚಾವಾದರು.

ಇಟಲಿಯ ಟ್ರಿಯೆಸ್ಟೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿ ಎಷ್ಟೋ ಕಾಲವಾಯಿತು. 1971ರಲ್ಲಿ ಫ್ರಾಂಕೋ ಬಸಾಲಿಯಾ ಅನ್ನೋ ಮನೋವೈದ್ಯರು ಅಲ್ಲಿಯ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿ ಬಂದಾಗ ಒಳಗಿದ್ದವರು ಸಾವಿರಕ್ಕೂ ಜಾಸ್ತಿ. ಲಾಂಡ್ರಿ ಗಾಡಿ ಎಳೆಯಲು ಮಾರ್ಕೋ ಅಂತ ಒಂದು ಕುದುರೆ. ವಯಸ್ಸಾಯಿತು ಅಂತ ಅದನ್ನ ಕಸಾಯಿಖಾನೆಗೆ ಕಳಿಸಲು ಹೊರಟಾಗ, ಕುದುರೆಯೇ ಬರೆದ ಹಾಗೆ ಒಂದು ಅರ್ಜಿ ಆಡಳಿತಕ್ಕೆ ಹೋಯಿತು: ಇಷ್ಟು ವರ್ಷ ದುಡಿದಿದ್ದೇನೆ, ನನ್ನನ್ನ ನಿವೃತ್ತಿ ಮಾಡಿ. ಕುದುರೆ ಉಳಿಯಿತು. ಅರ್ಜಿಯ ಹಿಂದೆ ಇದ್ದವರು ತಮ್ಮ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಒಳಗೆ ಹಾಕಿಸಿಕೊಂಡವರು! ಆಮೇಲೆ ಊರೊಳಗೇ 24 ಗಂಟೆ ತೆರೆದಿರುವ ಚಿಕಿತ್ಸಾ ಕೇಂದ್ರಗಳು ಬಂದವು, ಕೆಲಸ ಕೊಡುವ ಸಹಕಾರ ಸಂಘಗಳು ಬಂದವು. 1978ರ ಕಾನೂನು ದೇಶಕ್ಕೆಲ್ಲ ಹಳೇ ಹುಚ್ಚಾಸ್ಪತ್ರೆಗಳ ಬಾಗಿಲು ಹಾಕಿಸಲು ಹೊರಟಿತು. ರೋಗಿಗಳಿಗೆ ಓಟನ್ನೂ ವಾಪಸ್ ಕೊಟ್ಟಿತು.

ಓಟು. ನನ್ನನ್ನ ಕೇಳಬೇಕಾದ್ದು ಅದನ್ನ.

ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಚೆನ್ನಾಗಿಯೇ ಇದೆ. ಸರಪಳಿ ಹಾಕಬಾರದು, ಬಲವಂತವಾಗಿ ತಲೆ ಬೋಳಿಸಬಾರದು, ಮನೆಯವರು ಕರೆದುಕೊಂಡು ಹೋಗಲ್ಲ ಅನ್ನೋ ಒಂದೇ ಕಾರಣಕ್ಕೆ ಒಳಗೇ ಇಟ್ಟುಕೊಳ್ಳಬಾರದು. ತಮಿಳುನಾಡಿನ ಎರ್ವಾಡಿಯಲ್ಲಿ, ಮಾನಸಿಕ ರೋಗಿಗಳನ್ನ ಇಟ್ಟಿದ್ದ ಜಾಗದಲ್ಲಿ, 2001ರ ಬೆಂಕಿಗೆ ಸರಪಳಿಯಲ್ಲೇ 28 ಜನ ಸುಟ್ಟುಹೋದ ಮೇಲೂ ಇದಕ್ಕೆ 16 ವರ್ಷ ಹಿಡಿಯಿತು ಅನ್ನೋದು ಬೇರೆ ಮಾತು.

ಈಗ 1950ರ ಜನಪ್ರಾತಿನಿಧ್ಯ ಕಾಯ್ದೆ ತೆಗೆದು ನೋಡಿ. ಕೋರ್ಟು ಅಸ್ವಸ್ಥಚಿತ್ತರು ಅಂತ ಘೋಷಿಸಿದರೆ ಮಾತ್ರ ಓಟು ಹೋಗುತ್ತದೆ, ಅಡ್ಮಿಟ್ ಆದರೆ ಅಲ್ಲ. ಸರಿ. ಆದರೆ ಓಟರ್ ಪಟ್ಟಿಗೆ ಹೆಸರು ಸೇರೋದು ಎಲ್ಲಿಯ ನಿವಾಸಿ ಅನ್ನೋದರ ಮೇಲೆ, ಮತ್ತು 20ನೇ ಸೆಕ್ಷನ್ ಹೇಳುತ್ತದೆ: ಮಾನಸಿಕ ಆಸ್ಪತ್ರೆಯಲ್ಲಿ ಇದ್ದ ಮಾತ್ರಕ್ಕೆ ಯಾರೂ ಅಲ್ಲಿಯ ನಿವಾಸಿ ಆಗುವುದಿಲ್ಲ. ಅದೇ ಸಾಲಿನಲ್ಲಿ ಜೈಲಿನವರೂ ಇದ್ದಾರೆ. ಮನೆಯವರು ಕೈಬಿಟ್ಟಿದ್ದಾರೆ, ರೇಷನ್ ಕಾರ್ಡಿನಿಂದ ಹೆಸರು ತೆಗೆಸಿದ್ದಾರೆ, ವರ್ಷಗಟ್ಟಲೆ ವಾರ್ಡಿನಲ್ಲೇ ಇದ್ದಾರೆ ಅಂತ ಇಟ್ಟುಕೊಳ್ಳಿ. ಇವರು ಯಾವ ಬೂತಿಗೆ ಹೋಗಬೇಕು? ಓಟು ಕೇಳಲು ಆ ಗೇಟಿನ ಒಳಗೆ ಯಾವ ಅಭ್ಯರ್ಥಿ ಬಂದಾನು?