ಮದುವೆಯ ಬಿಳಿ ಗೌನು: ಮೊದಲು ಶುಚಿ, ಆಮೇಲೆ ತೀರ್ಮಾನ

ಹೊರದೇಶದಲ್ಲಿ ಗೌನು ತೊಟ್ಟು ಮದುವೆಯಾದವರಿಗೆ ಊರಿನ ಬಂಧುಗಳಿಂದ ಬರುವ ಪ್ರಶ್ನೆ ಒಂದೇ: ಅಷ್ಟು ದೊಡ್ಡ ಬಿಳಿ ಬಟ್ಟೆಯನ್ನು ಇನ್ನೇನು ಮಾಡ್ತೀರಿ? ಇಟ್ಟುಕೊಳ್ಳಬಹುದು, ಮಾರಬಹುದು, ಬಿಚ್ಚಿ ಬೇರೆ ಹೊಲಿಸಬಹುದು, ಯಾರಿಗಾದರೂ ಕೊಟ್ಟುಬಿಡಬಹುದು. ಈ ತೀರ್ಮಾನಕ್ಕೆ ಅವಸರವಿಲ್ಲ, ಬೇಕಾದರೆ ಒಂದು ವರ್ಷ ಯೋಚಿಸಿ. ಶುಚಿ ಮಾಡಿಸುವುದಕ್ಕೆ ಮಾತ್ರ ಅವಸರವಿದೆ. ಕೆಲವೇ ವಾರಗಳಲ್ಲಿ ಕೊಳೆ ತೆಗೆಸದಿದ್ದರೆ ಈ ದಾರಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಕಣ್ಣಿಗೆ ಕಾಣುವ ಕಲೆ ಅಷ್ಟು ಅಪಾಯದ್ದಲ್ಲ. ನೆಲಕ್ಕೆ ಎಳೆದಾಡಿದ ಅಂಚಿನ ಮಣ್ಣು, ಹುಲ್ಲಿನ ಹಸಿರು, ಕತ್ತಿನ ಬಳಿ ಮೆತ್ತಿದ ಮೇಕಪ್ಪು ಎಲ್ಲರಿಗೂ ಕಾಣುತ್ತವೆ, ಎಲ್ಲರೂ ತೆಗೆಸುತ್ತಾರೆ. ಮೋಸ ಮಾಡುವುದು ಬಣ್ಣವಿಲ್ಲದ ಕಲೆ: ಶಾಂಪೇನ್, ಬಿಳಿ ವೈನ್, ಸಿಹಿ ಸೋಡಾ, ಬೆವರು. ಒಣಗಿದ ಮೇಲೆ ಅಲ್ಲಿ ಏನೂ ಇದ್ದಂತಿರುವುದಿಲ್ಲ. ಆದರೆ ನೂಲಿನಲ್ಲಿ ಉಳಿದ ಸಕ್ಕರೆ ಕಾಲ ಕಳೆದಂತೆ ಹಳದಿಯಾಗುತ್ತದೆ, ಆಮೇಲೆ ಕಂದು. ಇಸ್ತ್ರಿಯ ಬಿಸಿ ತಾಗಿದರೆ ಇನ್ನೂ ಬೇಗ. ಡ್ರೈಕ್ಲೀನಿಂಗ್‌ಗೆ ಕೊಟ್ಟರೆ ಎಲ್ಲ ಹೋಗುತ್ತದೆ ಅಂದುಕೊಳ್ಳುವುದೂ ತಪ್ಪು. ಅದರ ದ್ರಾವಕ ಎಣ್ಣೆ, ಜಿಡ್ಡನ್ನು ಕರಗಿಸುತ್ತದೆ. ಸಕ್ಕರೆಗೆ ನೀರೇ ಬೇಕು. ಹಾಗಾಗಿ ಯಂತ್ರಕ್ಕೆ ಹಾಕುವ ಮೊದಲು ಆ ಜಾಗಗಳನ್ನು ತಿಳಿದವರು ಕೈಯಲ್ಲೇ ತೆಗೆಯಬೇಕು. ಎಲ್ಲಿ ಏನು ಚೆಲ್ಲಿತು ಎಂದು ಗೌನಿನ ಫೋಟೊದ ಮೇಲೆ ಗುರುತು ಮಾಡಿ ಕೊಡಿ. ಕಾಣದ ಕಲೆಯನ್ನು ಅವರಾದರೂ ಹೇಗೆ ಹುಡುಕಿಯಾರು?

ಅಂಗಡಿಯಲ್ಲಿ ಇನ್ನೆರಡು ಮಾತು ಕೇಳಿ. ಮಣಿಗಳನ್ನು ಹೊಲಿದಿದೆಯೋ ಅಂಟಿಸಿದೆಯೋ ನೋಡಿದಿರಾ? ಡ್ರೈಕ್ಲೀನಿಂಗ್‌ಗೆ ಬಳಸುವ ಪರ್ಕ್ಲೋರೋಎಥಿಲೀನ್ ಎಂಬ ದ್ರಾವಕದಲ್ಲಿ ಕೆಲವು ಅಂಟು ಬಿಟ್ಟುಹೋಗುತ್ತವೆ, ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಮಣಿಗಳು ಮೆತ್ತಗಾಗಿ ರೂಪ ಕೆಡುತ್ತವೆ. ಒಂದು ಮಣಿ ತೆಗೆದು ಮೊದಲೇ ಪರೀಕ್ಷಿಸಬೇಕು. ಎರಡನೆಯದು, ಗೌನನ್ನು ಒಂದನ್ನೇ, ಸ್ವಚ್ಛ ದ್ರಾವಕದಲ್ಲಿ ಹಾಕುತ್ತೀರಾ? ಬೇರೆ ಬಟ್ಟೆಗಳ ಕೊಳೆ ಕೂಡಿದ ದ್ರಾವಕದಿಂದ ಹೊರಬಂದ ಬಿಳಿಗೆ ಬೂದು ಛಾಯೆ ಬಂದಿರುತ್ತದೆ.

ಮನೆಯಲ್ಲಿ ಒಗೆಯಬಹುದೇ ಎಂಬುದು ನೂಲಿನ ಮೇಲೆ ನಿಂತಿದೆ. ಸ್ಯಾಟಿನ್ ಎಂದರೆ ನೇಯ್ಗೆಯ ಹೆಸರು, ನೂಲಿನದಲ್ಲ. ರೇಷ್ಮೆಯಲ್ಲೂ ಇದೆ, ಪಾಲಿಯೆಸ್ಟರ್‌ನಲ್ಲೂ ಇದೆ. ಒಳಗಿನ ಚೀಟಿ ಕತ್ತರಿಸಿ ಹೋಗಿದ್ದರೆ ಒಳಹೊಲಿಗೆಯ ಅಂಚಿನಿಂದ ನಾಲ್ಕು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ಗೌನಿನಿಂದ ದೂರ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಗುಂಡಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ರೇಷ್ಮೆಯನ್ನು ಮನೆಯಲ್ಲಿ ಮುಟ್ಟಬೇಡಿ. ಕ್ಲೋರಿನ್ ಬ್ಲೀಚ್ ಅದನ್ನು ಹಳದಿ ಮಾಡುವುದಷ್ಟೇ ಅಲ್ಲ, ನೂಲನ್ನೇ ತಿಂದುಹಾಕುತ್ತದೆ. ಮಣಿಯಿಲ್ಲದ, ಎದೆಭಾಗದಲ್ಲಿ ಉಕ್ಕಿನ ಕಡ್ಡಿಗಳಿಲ್ಲದ ಪಾಲಿಯೆಸ್ಟರ್ ಗೌನಾದರೆ ಬಾತ್‌ಟಬ್ಬಿನಲ್ಲಿ ತಣ್ಣೀರು, ಬಣ್ಣವಿಲ್ಲದ ಮೃದು ಸೋಪಿನ ದ್ರವ ಸಾಕು. ಕೆಡುವುದು ತೊಳೆಯುವಾಗಲ್ಲ, ಎತ್ತುವಾಗ. ನೀರು ಹೀರಿದ ಪದರಗಳ ಭಾರವೆಲ್ಲ ಭುಜದ ಹೊಲಿಗೆಗೆ ಬಿದ್ದು ಅದು ಹರಿಯುತ್ತದೆ. ಟಬ್ಬಿನ ತಳಕ್ಕೆ ಮೊದಲೇ ಬೆಡ್‌ಶೀಟು ಹಾಸಿ, ನೀರು ಬಿಟ್ಟ ಮೇಲೆ ಅದರ ನಾಲ್ಕು ಮೂಲೆ ಹಿಡಿದು ಇಬ್ಬರು ಎತ್ತಬೇಕು. ಹಿಂಡಬೇಡಿ, ಟವಲಿನಿಂದ ಒತ್ತಿ.

ಇಟ್ಟುಕೊಳ್ಳುವವರು ಮಾಡುವ ಮೊದಲ ತಪ್ಪು, ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಬಿಡುವುದು. ಎಷ್ಟೋ ಪಾಲಿಥೀನ್ ಹಾಳೆಗಳಿಗೆ ಬೆರೆಸುವ ಬಿಎಚ್‌ಟಿ ಎಂಬ ರಾಸಾಯನಿಕ, ಗಾಳಿಯಲ್ಲಿನ ವಾಹನದ ಹೊಗೆ, ಗ್ಯಾಸ್ ಒಲೆಯ ಹೊಗೆಯೊಂದಿಗೆ ಸೇರಿ ಬಿಳಿ ಬಟ್ಟೆಯ ಮೇಲೆ ಹಳದಿ ಬಿಡುತ್ತದೆ. ಸ್ವಚ್ಛ ಗೌನು ಪೆಟ್ಟಿಗೆಯೊಳಗೇ ಹಳದಿಯಾಯಿತು ಎಂಬ ದೂರಿಗೆ ಹಲವು ಸಲ ಇದೇ ಕಾರಣ. ಆಮ್ಲರಹಿತ ರಟ್ಟಿನ ದೊಡ್ಡ ಪೆಟ್ಟಿಗೆ, ಆಮ್ಲರಹಿತ ಟಿಶ್ಯೂ ಕಾಗದ ತನ್ನಿ. ಈ ಕಾಗದದಲ್ಲಿ ಎರಡು ಬಗೆ: ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ್ದು ಹತ್ತಿ, ಲಿನನ್‌ಗೆ, ರೇಷ್ಮೆಗೆ ಅದು ಬೇಡ, ಬೆರೆಸದ್ದೇ ಆಗಬೇಕು. ಎದೆಭಾಗದ ಸ್ಪಂಜಿನ ಕಪ್‌ಗಳನ್ನು ಬಿಚ್ಚಿ ತೆಗೆಯಿರಿ, ಅದು ಹಳೆಯದಾದಂತೆ ಜಿಗುಟಾಗಿ ಪುಡಿಯಾಗುತ್ತದೆ. ಪಿನ್ನು ಒಂದೂ ಉಳಿಯಬಾರದು. ಪ್ರತಿ ಮಡಿಕೆಯೊಳಗೆ ಕಾಗದದ ಸುರುಳಿ ಇಟ್ಟು, ತೋಳುಗಳಿಗೂ ತುಂಬಿ. ಡಾಂಬರ್ ಗುಳಿಗೆ ಹಾಕಬೇಡಿ, ಅದರಲ್ಲಿನ ನಾಫ್ತಲೀನ್ ಪ್ಲಾಸ್ಟಿಕ್ ಮಣಿಗಳನ್ನು ಮೆತ್ತಗೆ ಮಾಡುತ್ತದೆ. ಅಟ್ಟ ಬಿಸಿಯೇರುತ್ತದೆ, ನೆಲಮಾಳಿಗೆ ತೇವ ಹಿಡಿದು ಬೂಷ್ಟು ಬರಿಸುತ್ತದೆ. ಮಲಗುವ ಕೋಣೆಯ ಮಂಚದ ಕೆಳಗೇ ವಾಸಿ. ಮನೆಯವರಿಗೆ ಹಿತವೆನಿಸುವ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಸುಮಾರು 50 ಶೇಕಡಾ ತೇವಾಂಶ ಬಟ್ಟೆಗೂ ಹಿತ. ವರ್ಷಕ್ಕೊಮ್ಮೆ ತೆರೆದು, ತೊಳೆದು ಒರೆಸಿದ ಕೈಯಲ್ಲಿ ಮಡಿಕೆ ಬೇರೆ ಜಾಗಕ್ಕೆ ಬರುವಂತೆ ಮತ್ತೆ ಮಡಚಿ. ತೆರೆದರೆ ಗ್ಯಾರಂಟಿ ಹೋಗುತ್ತದೆ ಎಂದು ಸೀಲು ಮಾಡಿಕೊಡುವ ಪೆಟ್ಟಿಗೆಗಳು ನಮಗೆ ಒಪ್ಪಿಗೆಯಿಲ್ಲ. ಒಳಗೇನಾಗುತ್ತಿದೆ ಎಂದು ನೋಡುವಂತಿಲ್ಲದ ಭದ್ರತೆ ಎಂಥದ್ದು?

ಮಾರುವವರು ತಡಮಾಡಬಾರದು, ಗೌನಿನ ಫ್ಯಾಷನ್ ಬೇಗ ಬದಲಾಗುತ್ತದೆ. ಚೀಟಿಯ ಮೇಲಿನ ಸೈಜು ಮಾತ್ರ ಬರೆದರೆ ವಾಪಸಾಗುವುದು ಖಂಡಿತ, ಏಕೆಂದರೆ ನಿಮ್ಮ ಅಳತೆಗೆ ತಕ್ಕಂತೆ ಅದನ್ನು ಈಗಾಗಲೇ ಹಿಡಿಸಿದ್ದೀರಿ. ಎದೆ, ಸೊಂಟ, ಸೊಂಟದ ಕೆಳಗಿನ ಸುತ್ತಳತೆ, ಕತ್ತಿನ ಗುಳಿಯಿಂದ ಅಂಚಿನವರೆಗಿನ ಉದ್ದ, ಆಗ ಹಾಕಿದ್ದ ಚಪ್ಪಲಿಯ ಹಿಮ್ಮಡಿ ಎತ್ತರ, ಇವಿಷ್ಟೂ ಬರೆಯಿರಿ. ಒಳಗೆ ಹೊಲಿಗೆ ಬಿಚ್ಚಿ ಸಡಿಲಿಸಲು ಎಷ್ಟು ಬಟ್ಟೆ ಬಿಟ್ಟಿದೆ ಎಂಬುದನ್ನೂ ಹೇಳಿ. ಕತ್ತರಿಸಿದ ಉದ್ದ ಮಾತ್ರ ಮರಳಿ ಬರದು.

ಬೇರೆ ಹೊಲಿಸುವುದು ಹೊಸ ಸಂಗತಿಯೇನಲ್ಲ. 1840ರಲ್ಲಿ ಬಿಳಿಯುಡುಪಿನಲ್ಲಿ ಮದುವೆಯಾದ ರಾಣಿ ವಿಕ್ಟೋರಿಯಾ ಅದರ ಲೇಸನ್ನು ಬಿಚ್ಚಿ ಮುಂದೆ ಎಷ್ಟೋ ವರ್ಷ ತೊಟ್ಟರು. ಲಂಗದಲ್ಲಿ ಬಟ್ಟೆ ಧಾರಾಳ, ಅದರಿಂದ ಬೇಕಾದ್ದು ಬರುತ್ತದೆ. ಮೇಲ್ಭಾಗವೇ ಕಷ್ಟ: ಹೊಲಿಗೆ ಬೀಳುವ ಜಾಗದ ಮಣಿಗಳನ್ನೆಲ್ಲ ಮೊದಲು ಬಿಡಿಸಬೇಕು, ಇಲ್ಲವಾದರೆ ಸೂಜಿ ಮುರಿಯುತ್ತದೆ. ಸ್ಯಾಟಿನ್‌ನಲ್ಲಿ ಹಳೆಯ ಹೊಲಿಗೆಯ ತೂತು ಮಾಯುವುದಿಲ್ಲವಾದ್ದರಿಂದ ಸಡಿಲಿಸುವುದಕ್ಕಿಂತ ಬಿಗಿ ಮಾಡುವುದು ಸುಲಭ.

ಬಣ್ಣ ಹಾಕಿಸುವ ಆಸೆಯಿದ್ದರೆ ಒಂದು ಎಚ್ಚರಿಕೆ. ರೇಷ್ಮೆ ಮತ್ತು ನೈಲಾನ್ ಆಸಿಡ್ ಡೈ ಎಂಬ ಬಗೆಯ ಬಣ್ಣ ಹಿಡಿಯುತ್ತವೆ, ಪಾಲಿಯೆಸ್ಟರ್‌ಗೆ ಡಿಸ್ಪರ್ಸ್ ಡೈ ಎಂಬ ಬೇರೆ ಬಗೆಯ ಬಣ್ಣವೂ ಕುದಿಯುವ ಬಿಸಿಯೂ ಬೇಕು. ಒಂದೇ ಗೌನಿನಲ್ಲಿ ರೇಷ್ಮೆ, ನೈಲಾನ್ ಬಲೆ, ಪಾಲಿಯೆಸ್ಟರ್ ಲೈನಿಂಗು ಮೂರೂ ಇದ್ದರೆ ಮೂರು ಛಾಯೆ ಬರುತ್ತದೆ. ಹೊಲಿದ ದಾರ ಪಾಲಿಯೆಸ್ಟರ್ ಆಗಿದ್ದರೆ ಹೊಲಿಗೆಗಳೆಲ್ಲ ಬಿಳಿ ಗೆರೆಗಳಾಗಿ ಉಳಿಯುತ್ತವೆ.

ಕೊಟ್ಟುಬಿಡುವವರಿಗೆ ದತ್ತಿ ಅಂಗಡಿಗಳಿವೆ. ಹುಟ್ಟುತ್ತಲೇ ತೀರಿಹೋದ ಶಿಶುಗಳಿಗಾಗಿ ಪುಟ್ಟ ಅಂಗಿ ಹೊಲಿಯುವ ಸ್ವಯಂಸೇವಕರ ಗುಂಪುಗಳೂ ಹಲವು ದೇಶಗಳಲ್ಲಿವೆ; ಒಂದು ಗೌನಿನಿಂದ ಅಂಥ ಹಲವು ಅಂಗಿಗಳಾಗುತ್ತವೆ. ಕಳಿಸುವ ಮೊದಲು ಬರೆದು ಕೇಳಿ. ಗೌನುಗಳು ರಾಶಿ ಬಿದ್ದಾಗ ಕೆಲವರು ಹೊಸದನ್ನು ಪಡೆಯುವುದನ್ನೇ ನಿಲ್ಲಿಸಿರುತ್ತಾರೆ. ಅವರಿಗೆ ಬೇಕಿರುವುದು ಮೆತ್ತನೆಯ, ಶುಚಿಯಾದ ಬಟ್ಟೆ.