ಡ್ಯೂಟಿ ಚಾರ್ಟ್ ಬರೆಯುತ್ತಿದ್ದವನು ಕಲಿತ ನಿದ್ದೆಯ ಲೆಕ್ಕ

ಸೇನೆಯಲ್ಲಿದ್ದಾಗ ಗಾರ್ಡ್ ಡ್ಯೂಟಿಯ ಚಾರ್ಟ್ ಬರೆಯುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ಯಾವ ಪೋಸ್ಟ್‌ಗೆ ಯಾರು, ಎಷ್ಟು ಗಂಟೆಗೆ. ಎಲ್ಲ ಮನೆಗಳಲ್ಲೂ ಹೆಸರು ತುಂಬಿದರೆ ಚಾರ್ಟ್ ಸರಿಯಿದೆ ಅಂತ ನಂಬಿದ್ದೆ.

ಒಂದು ರಾತ್ರಿ ನಾಲ್ಕರ ಹೊತ್ತಿಗೆ ಪೋಸ್ಟ್‌ಗಳನ್ನು ನೋಡಿಕೊಂಡು ಬರಲು ಹೊರಟೆ. ಒಬ್ಬ ಹುಡುಗ ನೆಟ್ಟಗೆ ನಿಂತಿದ್ದ. ಕೈಯಲ್ಲಿ ರೈಫಲ್, ಕಣ್ಣು ತೆರೆದೇ ಇತ್ತು. ನಾನು ಎರಡು ಹೆಜ್ಜೆ ಹತ್ತಿರ ಬರುವವರೆಗೂ ತಡೆಯಲಿಲ್ಲ.

"ನಿದ್ದೆ ಮಾಡ್ತಿದ್ದೀಯಾ?" ಅಂತ ಗದರಿದೆ.

"ಇಲ್ಲ ಸರ್, ಎಚ್ಚರವಾಗೇ ಇದ್ದೆ."

ಸುಳ್ಳು ಅಂದುಕೊಂಡೆ. ಶಿಕ್ಷೆಯನ್ನೂ ಕೊಟ್ಟೆ. ಆಮೇಲೆ ನಮ್ಮ ಡಾಕ್ಟರ್ ಬಿಡಿಸಿ ಹೇಳಿದರು. ನಿದ್ದೆಗೆಟ್ಟ ಮಿದುಳು ಕೆಲವು ಸೆಕೆಂಡು ತಾನಾಗಿ ಜಾರಿಬಿಡುತ್ತದೆ, ಕಣ್ಣು ತೆರೆದಿದ್ದರೂ ಸರಿಯೇ. ಅದಕ್ಕೆ ಮೈಕ್ರೋಸ್ಲೀಪ್ ಅಂತಾರೆ. ಎಷ್ಟೋ ಸಲ ಜಾರಿದವನಿಗೇ ಅದು ತಿಳಿಯುವುದಿಲ್ಲ. ಬೆಳಗಿನ ಜಾವ ದೇಹದ ಗಡಿಯಾರವೂ ನಿದ್ದೆಯ ಕಡೆಗೇ ಎಳೆಯುತ್ತಿರುತ್ತದೆ.

ಆ ದಿನ ನನ್ನ ಚಾರ್ಟನ್ನು ಬೇರೆ ಕಣ್ಣಿನಿಂದ ನೋಡಿದೆ. ಎರಡು ಗಂಟೆ ಡ್ಯೂಟಿ, ನಾಲ್ಕು ಗಂಟೆ ಬಿಡುವು. ದಿನಕ್ಕೆ 16 ಗಂಟೆ ಬಿಡುವು ಅಂತ ಕಾಗದ ಹೇಳುತ್ತದೆ. ಆದರೆ ಆ ನಾಲ್ಕು ಗಂಟೆಯಲ್ಲೇ ಪೋಸ್ಟ್ ಒಪ್ಪಿಸಬೇಕು, ಊಟ ಮಾಡಬೇಕು, ಮಲಗಬೇಕು, ಮತ್ತೆ ಎದ್ದು ತಯಾರಾಗಬೇಕು. ಬೆಳಗಾದರೆ ಪಿಟಿ, ಆಮೇಲೆ ಸ್ಟೋರ್ ಕೆಲಸ. ಒಂಬತ್ತು ದಿನ ಆ ಹುಡುಗನಿಗೆ ಒಂದೇ ಸಮನೆ ಮೂರು ಗಂಟೆ ನಿದ್ದೆ ಸಿಕ್ಕಿರಲಿಲ್ಲ. ಆ ಚಾರ್ಟ್ ಬರೆದವನು ನಾನು.

ಸತತ 17 ಗಂಟೆ ಎಚ್ಚರವಿದ್ದರೆ ಕೈ, ಕಣ್ಣು, ಗಮನ ಎಲ್ಲ ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತವೆ. ನನ್ನನ್ನು ಇನ್ನೂ ಜಾಸ್ತಿ ಹೆದರಿಸಿದ್ದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಿದವರ ಗಮನ, ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟು ಕುಸಿದಿತ್ತು. ಆದರೆ ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಅಂತಲೇ ಅವರು ಹೇಳುತ್ತಿದ್ದರು. ನಾವು ನಂಬಿಕೊಂಡಿದ್ದು ಅದೇ ಮಾತನ್ನು ಅಲ್ವಾ? "ಫಿಟ್ ಇದ್ದೀನಿ ಸರ್."

2017ರಲ್ಲಿ ಅಮೆರಿಕ ನೌಕಾಪಡೆಯ ಎರಡು ಯುದ್ಧನೌಕೆಗಳು ಎರಡು ತಿಂಗಳ ಅಂತರದಲ್ಲಿ ಬೇರೆ ಹಡಗುಗಳಿಗೆ ಡಿಕ್ಕಿಯಾದವು. ಫಿಟ್ಜ್‌ಜೆರಾಲ್ಡ್‌ನಲ್ಲಿ 7 ಜನ, ಜಾನ್ ಎಸ್. ಮೆಕೇನ್‌ನಲ್ಲಿ 10 ಜನ ಸತ್ತರು. ತನಿಖೆಯಲ್ಲಿ ಕಂಡ ಕಾರಣಗಳಲ್ಲಿ ಸಿಬ್ಬಂದಿಯ ದಣಿವೂ ಒಂದು. ಆಮೇಲೆ ದೇಹದ ಗಡಿಯಾರಕ್ಕೆ ಹೊಂದುವ ಪಾಳಿ ಹಾಕಿ ಅಂತ ಅಲ್ಲಿ ಆದೇಶ ಬಂತು.

ನಾನೂ ಪಾಳಿ ಬದಲಿಸಿದೆ. ವಾರವಿಡೀ ಒಬ್ಬನಿಗೆ ಒಂದೇ ಸಮಯ. ಯಾರೂ ಮುಟ್ಟಬಾರದ ಆರು ಗಂಟೆ ನಿದ್ದೆ. ರಾತ್ರಿ ನಿಂತವನಿಗೆ ಬೆಳಗಿನ ಪಿಟಿ ಇಲ್ಲ. ಎದ್ದ ಕೂಡಲೇ ಪೋಸ್ಟ್ ಕೊಡುವಂತಿಲ್ಲ, ಮಂಪರು ಇಳಿಯಲು ಅರ್ಧ ಗಂಟೆ. ಕಾಫಿ ಪಾಳಿಯ ಮೊದಲ ಭಾಗದಲ್ಲಿ ಮಾತ್ರ, ಯಾಕೆಂದರೆ ಐದು ಗಂಟೆಯ ನಂತರವೂ ಕೆಫೀನ್ ಸುಮಾರು ಅರ್ಧದಷ್ಟು ಮೈಯಲ್ಲಿರುತ್ತದೆ. ಇದಕ್ಕೆ ಜನ ಸಾಲಲಿಲ್ಲ. ಹಗಲಿನ ಒಂದು ಪೋಸ್ಟ್ ಮುಚ್ಚಲು ಮೇಲಿನವರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಸೈನಿಕ ಸಿಕ್ಕಾಗ ಮಲಗಬೇಕು ಅನ್ನುವುದು ಅವರ ವಾದ.

ಸಮಯ ಕೊಟ್ಟರೂ ನಿದ್ದೆ ಬಾರದವರ ಕಷ್ಟ ಬೇರೆ. ಒಬ್ಬ ತಿಂಗಳುಗಟ್ಟಲೆ ನರಳಿದ್ದ. ದಾಖಲೆಗೆ ಬಂದರೆ ಬಡ್ತಿ ಹೋಗುತ್ತದೆ ಅಂತ ಬಾಯಿ ಬಿಟ್ಟಿರಲಿಲ್ಲ. ಮಲಗುವ ಅಭ್ಯಾಸ, ನಿದ್ದೆಯ ಬಗೆಗಿನ ಭಯ ಇವನ್ನು ತಿದ್ದುವ ಚಿಕಿತ್ಸೆಯೇ ಮೊದಲು, ಮಾತ್ರೆ ಆಮೇಲೆ ಅಂತ ಡಾಕ್ಟರ್ ಹೇಳಿದಾಗ ಅವನ ಮುಖ ಸಡಿಲವಾಯಿತು. ಅವನ ಜೊತೆ ನಾನೂ ಹೋಗಿದ್ದೆ. ಒಬ್ಬನೇ ಹೋಗುತ್ತಿರಲಿಲ್ಲ.

ಪೋಸ್ಟ್ ಕೊಡುವ ಮುಂಚೆ ಒಂದು ಪ್ರಶ್ನೆಯನ್ನೂ ಸೇರಿಸಿದೆ: "24 ಗಂಟೆಯಲ್ಲಿ ಎಷ್ಟು ಹೊತ್ತು ಮಲಗಿದ್ದೆ?" ಮೊದಮೊದಲು ಎಲ್ಲರದೂ ಒಂದೇ ಉತ್ತರ, "ಆರು ಸರ್." ಒಂದು ದಿನ ಒಬ್ಬ ತಲೆ ತಗ್ಗಿಸಿ "ಎರಡು" ಅಂದ. ಬೈಯದೆ ಅವನ ಹೆಸರು ಹೊಡೆದು ಬೇರೆಯವನನ್ನು ಹಾಕಿದೆ. ಮಾರನೇ ದಿನದಿಂದ ನಾಲ್ಕು, ಮೂರೂವರೆ, ಐದು ಅಂತ ನಿಜವಾದ ಲೆಕ್ಕ ಬರತೊಡಗಿತು.